ಖಳನ ಕಂಠದ ಫಿದೆನ್ಸಿಯೋ

ಭಾನುವಾರ ಫಿದೆನ್ಸಿಯೋನ ಮನೆಯಲ್ಲಿ ಬೆಚ್ಚಿಬಿದ್ದವನು ನಾನಿನ್ನೂ ಸುಧಾರಿಸಿಕೊಂಡಿಲ್ಲ. ಮೆಕ್ಸಿಕೋ ನಗರದ ನಮ್ಮ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವನಷ್ಟು ಪುಕ್ಕಲ ಇನ್ನೊಬ್ಬನಿಲ್ಲ. ಖಾರದ ತಮಾಲೆ ಕಡುಬು ಕೇಳಿದ್ದಕ್ಕೆ ಮಾರುವಾಕೆ ಸಿಹಿಯದನ್ನು ಕೊಟ್ಟರೂ "ಇದೇ ಬೇಕಿತ್ತಮ್ಮಾ" ಎಂದು ತಿನ್ನುತ್ತಾನೆ. ಅದೇ ಮನುಷ್ಯ ಮೈಕಿನ ಮುಂದೆ ನಿಂತು, ಪರದೆಯ ತುಟಿಗಳಿಗೆ ತನ್ನ ಮಾತು ಹೊಂದಿಸಿ, ಸೂಪರ್‌ಹೀರೋ ಧಾರಾವಾಹಿಯ ಖಳ ಉಂಬ್ರೋ ಆಗಿ "ನಿನ್ನ ಮನಸ್ಸು ಈಗ ನನ್ನದು, ಹೇಳಿದ್ದು ಮಾಡು!" ಎಂದರೆ, ಧ್ವನಿಮುದ್ರಣ ಮಾಡುವ ನಾನೇ ನೆಟ್ಟಗೆ ಕೂರುತ್ತೇನೆ. ಓಣಿಯ ತಾಯಂದಿರು ಅವನನ್ನು ತಡೆದು, "ಫಿದೆ, ನಮ್ಮ ಹುಡುಗಿಗೊಂದ್ಸಲ ಗದರ್ಸಪ್ಪಾ, ಕುಂಬಳಕಾಯಿ ಮುಟ್ಟಲ್ಲ ಅಂತಾಳೆ" ಎನ್ನುತ್ತಾರೆ. ಗದರಿಸುತ್ತಾನೆ, ಆಮೇಲೆ ಆ ಹುಡುಗಿಯ ಕ್ಷಮೆ ಕೇಳುತ್ತಾನೆ! ಮರೆವು ಕವಿದ ಅವನಮ್ಮ ಮಗನನ್ನೇ ಗುರುತಿಸಳು, ಅವನ ಕೈತುತ್ತು ಒಲ್ಲಳು. ಉಂಬ್ರೋನ ದನಿ ಕೇಳಿದರೆ ಮಾತ್ರ ತಟ್ಟನೆ ಬಾಯಿ ತೆರೆಯುತ್ತಾಳೆ. ಇದನ್ನು ಹೇಳಿ ಅವನು ಸ್ಟುಡಿಯೋವನ್ನೆಲ್ಲ ನಗಿಸುತ್ತಿದ್ದ. ಭಾನುವಾರ ಮಧ್ಯಾಹ್ನ ಉಂಬ್ರೋ ಸೋಲುವ ಕಂತನ್ನು ನಾವು ಮೂವರೂ ಅವರ ಮನೆಯಲ್ಲಿ ನೋಡಿದೆವು. ಅದು ಮುಗಿದದ್ದೇ ಫಿದೆನ್ಸಿಯೋ ಸೂಪಿನ ಬಟ್ಟಲು ಹಿಡಿದು, ಎಂದಿನ ಖಳದನಿಯಲ್ಲಿ "ಹೇಳಿದ್ದು ಮಾಡು, ಬಾಯಿ ತೆಗಿ!" ಎಂದ. ಮುದುಕಿ ತುಟಿ ಬಿಗಿದಳು. ಆಮೇಲೆ ಅವನ ಎರಡೂ ಕೈ ಹಿಡಿದುಕೊಂಡು, "ಇಷ್ಟು ದಿನ ನೀನು ಹೇಳ್ದಂಗೆಲ್ಲ ಕೇಳಿದೀನಿ. ಈಗ ಸೋತೋದ್ಯಲ್ಲ, ಇನ್ನಾದ್ರೂ ನನ್ನ ಫಿದೆನ ಬಿಟ್ಬಿಡಪ್ಪಾ" ಎಂದು ಅಂಗಲಾಚಿದಳು. ಯಾವ ದನಿಯಲ್ಲಿ ಉತ್ತರಿಸಬೇಕೆಂದು ತಿಳಿಯದೆ ಅವನು ಬಾಯಿ ತೆರೆದುಕೊಂಡೇ ನಿಂತ.