ನಲವತ್ತೇಳು ಸಿಪ್ಪೆ

ಬಟ್ಟೆಯನ್ನು ಮೇಜಿನ ಮೇಲೆ ಹಾಸಿದ ಕೂಡಲೇ ಆಕೆ ಕತ್ತರಿ ಎತ್ತುವುದಿಲ್ಲ. ತೆಳುವಾದ ಕೈಗವಸಿನೊಳಗಿಂದಲೇ ಎಡಗೈ ಹೆಬ್ಬೆರಳನ್ನು ಅಂಚಿನಿಂದ ಅಂಚಿಗೆ ಒಮ್ಮೆ ಎಳೆಯುತ್ತಾರೆ. ನೂಲು ಯಾವ ಕಡೆ ಓಡುತ್ತಿದೆ, ಎಲ್ಲಿ ಒಂದೆಳೆಯಷ್ಟು ವಾಲಿದೆ ಎಂಬುದು ಕಣ್ಣಿಗಿಂತ ಮುಂಚೆ ಬೆರಳಿಗೆ ತಿಳಿಯುತ್ತದಂತೆ. ಪಕ್ಕದಲ್ಲೇ ಲೇಸರ್ ಗೆರೆ ಬಿಡುವ ಯಂತ್ರವಿದೆ. ಅದೂ ಅದನ್ನೇ ಹೇಳುತ್ತದೆ, ಸ್ವಲ್ಪ ತಡವಾಗಿ.

ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವರು ಕತ್ತರಿಯಕ್ಕ. ಈಗ ಐವತ್ತೆರಡು ವರ್ಷ. ಅದರಲ್ಲಿ ಹದಿನೇಳು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಅಂಗಿಯ ತೋಳು, ಕಾಲರ್ ಕತ್ತರಿಸಿದರು. ಅದು ಮುಚ್ಚಿದಾಗ, ಟೈರು ಅಂಗಡಿ ಮತ್ತು ಮುದ್ರಣಾಲಯದ ನಡುವಿನ ಓಣಿಯ ಕೊನೆಯಲ್ಲಿರುವ ಈ ಬೂದು ಬಣ್ಣದ ಕಟ್ಟಡದ ಗೇಟಿಗೆ ಅಂಟಿಸಿದ್ದ ಚೀಟಿ ನೋಡಿ ಒಳಗೆ ಬಂದರು. ಬಟ್ಟೆ ಕತ್ತರಿಸಿ ಅನುಭವವಿರುವವರು ಬೇಕು ಎಂದಷ್ಟೇ ಅದರಲ್ಲಿ ಬರೆದಿತ್ತು. ಸಂದರ್ಶನಕ್ಕೆ ಕೂತ ಎಂಜಿನಿಯರ್ ಒಂದು ಶಂಕುವಿನ ಚಿತ್ರ ಮುಂದಿಟ್ಟು, ಆದಷ್ಟು ಕಡಿಮೆ ಜೋಡಣೆಯಲ್ಲಿ ಇದಕ್ಕೆ ಬಟ್ಟೆ ಹೊದಿಸಬೇಕು ಎಂದರು.

"ಇದು ಮೈಗೆ ಹಾಕೋದಾ, ದಿಂಬಿಗೆ ಹಾಕೋದಾ ಸರ್?"

"ರಾಕೆಟ್ಟಿಗೆ."

"ಹಾಗಾದ್ರೆ ಹಿಗ್ಗಬಾರದು ಅನ್ನಿ," ಎಂದು ಆಕೆ ಕತ್ತರಿಗೆ ಕೈ ಚಾಚಿದರು. ಕೆಲಸ ಸಿಕ್ಕಿತು.

ಇಲ್ಲಿಯ ಬಟ್ಟೆ ಕಾರ್ಬನ್ ನೂಲಿನದು. ಕಪ್ಪಗೆ, ರಾಳ ಹೀರಿಕೊಂಡು ಅಂಟಂಟಾಗಿರುತ್ತದೆ. ಅದನ್ನು ಅಚ್ಚಿನ ಮೇಲೆ ಪದರದ ಮೇಲೆ ಪದರವಾಗಿ ಕೂರಿಸಿ, ಮೇಲೆ ಚೀಲ ಹೊದಿಸಿ ಗಾಳಿಯೆಲ್ಲ ಎಳೆದು, ಕೊನೆಗೆ ಬಸ್ಸಿನಷ್ಟು ಉದ್ದದ ಒತ್ತಡದ ಒಲೆಯೊಳಗೆ ಬೇಯಿಸುತ್ತಾರೆ. ಕೆಲಸಗಾರರು ಒಲೆಗೆ ಕುಕ್ಕರ್ ಎನ್ನುತ್ತಾರೆ. ಅದರಿಂದ ಹೊರಬಂದಾಗ ಬಟ್ಟೆ ಬಟ್ಟೆಯಾಗಿರುವುದಿಲ್ಲ. ಉಕ್ಕಿನಷ್ಟು ಗಟ್ಟಿ, ತೂಕದಲ್ಲಿ ಅದರ ಕಾಲುಭಾಗ. ಕತ್ತರಿಯಕ್ಕನ ಗುಂಪು ಮಾಡುವುದು ರಾಕೆಟ್ಟಿನ ಒಂದು ಹಂತವನ್ನು ಇನ್ನೊಂದಕ್ಕೆ ಸೇರಿಸುವ ಅಗಲ ಬಾಯಿಯ ಭಾಗ. ಅದಕ್ಕೆ ಅವರಿಟ್ಟ ಹೆಸರು ಲಂಗ.

ಮನೆಯಲ್ಲಿ ಅತ್ತೆಗೆ ಇದು ವರ್ಷಗಟ್ಟಲೆ ಸಾಕಾಗುವಷ್ಟು ಸರಕು. "ಆಕಾಶಕ್ಕೆ ಹೋಗೋ ರಾಕೆಟ್ಟಿಗೆ ಲಂಗ ಹೊಲೀತಾಳಂತೆ ನಮ್ಮ ಸೊಸೆ. ನನ್ನ ದಿಂಬಿನ ಚೀಲ ಹರಿದು ಹತ್ತಿ ಕಿವಿಗೆ ಬರ್ತಿದೆ, ಅದಕ್ಕೆ ಯಾವ ಎಂಜಿನಿಯರ್ ಬರಬೇಕೋ!"

ಇಲ್ಲಿ ಬೆರಳಿನ ಕೆಲಸಕ್ಕೆ ಮುದ್ರೆಯ ಕಟ್ಟುಪಾಡಿದೆ. ಪದರ ಕೂರಿಸಲು ಅರ್ಹರಾದವರಿಗೆ ಮಾತ್ರ ಒಂದು ಸಂಖ್ಯೆಯ ಪುಟ್ಟ ರಬ್ಬರ್ ಮುದ್ರೆ ಕೊಡುತ್ತಾರೆ. ಒಂದೊಂದು ಪದರ ಕೂತ ಮೇಲೂ ದಾಖಲೆ ಪುಸ್ತಕದಲ್ಲಿ ಅದನ್ನು ಒತ್ತಬೇಕು. ಮುದ್ರೆ ಇಲ್ಲದವರು ಕತ್ತರಿಸಬಹುದು, ಹೊರಬಹುದು, ಅಚ್ಚು ಮುಟ್ಟುವಂತಿಲ್ಲ. ಕತ್ತರಿಯಕ್ಕ ಎಂಟು ವರ್ಷ ಮೇಜಿನ ಬಳಿ ನಿಂತ ಮೇಲೆ ಹದಿನೇಳನೇ ಸಂಖ್ಯೆಯ ಮುದ್ರೆ ಪಡೆದರು. ಅದನ್ನು ಅವರು ಕನ್ನಡಕದ ಹಳೆಯ ಡಬ್ಬಿಯಲ್ಲಿಟ್ಟು, ಕಾರ್ಖಾನೆಯ ತಮ್ಮ ಕಪಾಟಿಗೆ ಬೀಗ ಹಾಕಿ ಹೋಗುತ್ತಿದ್ದರು.

ಮೂರು ವರ್ಷದ ಹಿಂದಿನ ಒಂದು ಬೆಳಗ್ಗೆ ಆ ಮುದ್ರೆ ಕೈತಪ್ಪುವ ಹೊತ್ತು ಬಂತು. ತಪ್ಪಿಸಿಕೊಳ್ಳುವುದು ಕಷ್ಟವೇನಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

ರಾಳದ ಬಟ್ಟೆ ಒಂದಕ್ಕೊಂದು ಮೆತ್ತಿಕೊಳ್ಳದಿರಲೆಂದು ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯೊಂದು ಅಂಟಿಕೊಂಡು ಬರುತ್ತದೆ. ಕೆಲಸಗಾರರ ಮಾತಿನಲ್ಲಿ ಅದು ಸಿಪ್ಪೆ. ಪದರ ಕೂರಿಸಿ, ಸಿಪ್ಪೆ ಸುಲಿದು, ಮುಂದಿನ ಪದರ ಕೂರಿಸಬೇಕು. ಒಂದು ಸಿಪ್ಪೆ ಒಳಗೇ ಉಳಿದರೆ ಅಲ್ಲಿ ಎರಡು ಪದರ ಎಂದೂ ಒಂದಾಗುವುದಿಲ್ಲ. ನೆಲದ ಮೇಲೆ ಗೊತ್ತಾಗದಿದ್ದರೂ ಹಾರುವಾಗ ಅಲ್ಲೇ ಬಿಡುತ್ತದೆ. ದೊಡ್ಡ ಪದರಗಳ ಸಿಪ್ಪೆಯನ್ನು ತಪಾಸಣೆಯವರು ಎಣಿಸುತ್ತಿದ್ದರು. ಆದರೆ ಲಂಗದ ಅಂಚಿನಲ್ಲಿ ಬೋಲ್ಟ್ ಕೂರುವ ಇಪ್ಪತ್ನಾಲ್ಕು ಜಾಗಗಳಿಗೆ ಬಲ ಕೊಡಲು ಒಂದರ ಮೇಲೊಂದು ನಾಲ್ಕು ತೇಪೆ ಹಾಕುತ್ತಾರೆ, ಅಂಗೈಯಗಲದವು. ಆ ಸಿಪ್ಪೆಗಳನ್ನು ಎಣಿಸಬೇಕೆಂದು ಆಗ ಯಾವ ನಿಯಮದಲ್ಲೂ ಇರಲಿಲ್ಲ. ಎಣಿಸುತ್ತಿದ್ದದ್ದು ಕತ್ತರಿಯಕ್ಕ ಮತ್ತು ಅವರ ಜೊತೆಗಾರ್ತಿ ಇಬ್ಬರೇ, ತಮ್ಮ ಸಮಾಧಾನಕ್ಕೆ. ಒಬ್ಬೊಬ್ಬರಿಗೆ ಹನ್ನೆರಡು ಜಾಗ, ನಲವತ್ತೆಂಟು ತೇಪೆ. ಸುಲಿದದ್ದನ್ನು ಅವರವರ ಕೊಕ್ಕೆಗೆ ಚುಚ್ಚುವುದು.

ಆ ತಿಂಗಳು ಬಂದ ಬಟ್ಟೆಯ ಸಿಪ್ಪೆಗೆ ಎಂದಿನ ಹಸಿರು ಬಣ್ಣವಿರಲಿಲ್ಲ, ನೀರಿನಂತೆ ಪಾರದರ್ಶಕವಾಗಿತ್ತು. ಹಿಂದಿನ ಸಂಜೆ ತೇಪೆ ಹಾಕಿ ಮುಗಿಸಿ, ಚೀಲ ಹೊದಿಸಿ, ಗಾಳಿ ಎಳೆದಿಟ್ಟು ಹೋಗಿದ್ದರು. ಬೆಳಗ್ಗೆ ಕತ್ತರಿಯಕ್ಕ ತಮ್ಮ ಕೊಕ್ಕೆಯದನ್ನು ಬಿಚ್ಚಿ ಎಣಿಸಿದರು. ಮತ್ತೆ ಎಣಿಸಿದರು.

ಜೊತೆಗಾರ್ತಿ ಮೊದಲು ಚಪ್ಪಲಿ ಕಾರ್ಖಾನೆಯಲ್ಲಿದ್ದವಳು, ಗಟ್ಟಿ ಗಂಟಲಿನವಳು. "ಅಕ್ಕಾ, ನೂರು ಸಲ ಎಣಿಸಿದ್ರೂ ಅದು ಮರಿ ಹಾಕಲ್ಲ," ಎಂದಳು.

"ನಲವತ್ತೇಳೇ ಕಣೇ."

ಇಬ್ಬರೂ ಕಸದ ಡಬ್ಬಿ ಸುರಿದು ನೋಡಿದರು. ಮೇಜಿನ ಅಡಿ, ಪೊರಕೆಯ ಸಂದು, ಎಲ್ಲರ ಬೂಟಿನ ತಳ ನೋಡಿದರು. ಸಿಗಲಿಲ್ಲ.

"ನಂದು ನಲವತ್ತೆಂಟು ಸರಿಯಾಗಿದೆ. ನಿಂದೂ ನಲವತ್ತೆಂಟು ಅಂದ್ಕೊ. ಯಾರು ಕೇಳ್ತಾರೆ?" ಎಂದಳು ಜೊತೆಗಾರ್ತಿ. ಆಮೇಲೆ ಅಕ್ಕನ ಮುಖ ನೋಡಿ ದನಿ ಇಳಿಸಿದಳು. "ಮುದ್ರೆ ಕಿತ್ಕೋತಾರೆ ಅಕ್ಕ. ಮತ್ತೆ ಮೇಜಿಗೇ ನಿಲ್ಲಿಸ್ತಾರೆ. ಯೋಚನೆ ಮಾಡು."

ಯೋಚನೆ ಮಾಡಿದೆ, ಆದರೆ ನಡೆಯುತ್ತಾ ಮಾಡಿದೆ, ಎನ್ನುತ್ತಾರೆ ಕತ್ತರಿಯಕ್ಕ. ಮುಖ್ಯಸ್ಥರ ಕೋಣೆ ಮೂವತ್ತು ಹೆಜ್ಜೆ ದೂರ.

ವಿಭಾಗದ ಮುಖ್ಯಸ್ಥರು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವ ಸ್ವಭಾವದವರು. ಆ ದಿನ ನಾಲ್ಕು ಗಂಟೆಗೆ ಕುಕ್ಕರ್ ಈ ಲಂಗಕ್ಕೇ ಮೀಸಲಾಗಿತ್ತು. ಶೀತಲ ಕೋಣೆಯಿಂದ ಹೊರಬಂದ ರಾಳದ ಬಟ್ಟೆಗೆ ಆಯಸ್ಸು ಇಷ್ಟೇ ದಿನ ಎಂದಿರುತ್ತದೆ. ಇದಕ್ಕೆ ಉಳಿದಿದ್ದು ಒಂದೂವರೆ ದಿನ. ಅಷ್ಟರೊಳಗೆ ಬೇಯದಿದ್ದರೆ ಮೂರು ವಾರದ ಕೆಲಸ ಕಸ.

"ಯಾವ ಪದರದ ಸಿಪ್ಪೆ?" ಎಂದು ಅವರು ಕೇಳಿದರು.

"ಪದರದ್ದಲ್ಲ ಸರ್, ತೇಪೆದು."

"ತೇಪೆದಕ್ಕೆ ಲೆಕ್ಕ ಇಡಬೇಕು ಅಂತ ಎಲ್ಲಿದೆ?"

"ಎಲ್ಲೂ ಇಲ್ಲ. ನಾವು ಇಡ್ತೀವಿ."

"ಯಾರದೋ ಕಾಲಿಗೆ ಅಂಟ್ಕೊಂಡು ಹೋಗಿರುತ್ತಮ್ಮ. ಒಳಗೇ ಇದೆ ಅಂತ ಖಂಡಿತವಾಗಿ ಹೇಳ್ತೀರಾ?"

"ಒಳಗಿದೆ ಅಂತ ಹೇಳಲ್ಲ ಸರ್. ಹೊರಗಿಲ್ಲ ಅಂತ ಹೇಳ್ತೀನಿ."

ಬೇಯಿಸಿದ ಮೇಲೆ ಶಬ್ದದ ಅಲೆ ಬಿಟ್ಟು ಒಳಗನ್ನು ಪರೀಕ್ಷಿಸುವ ಯಂತ್ರವಿದೆ. ಆದರೆ ತೇಪೆಗಳ ಅಂಚಿನಲ್ಲಿ ದಪ್ಪ ಏರಿಳಿಯುವುದರಿಂದ ಅಲ್ಲಿ ಕೂದಲಿಗಿಂತ ತೆಳುವಾದ ಹಾಳೆ ಸಿಕ್ಕೇ ಸಿಗುತ್ತದೆ ಎಂದು ಆಣೆ ಮಾಡಲು ಮುಖ್ಯಸ್ಥರಿಂದಾಗಲಿಲ್ಲ. ಹಾಗೆಂದು ಅವರೇ ಒಪ್ಪಿಕೊಂಡರು. ತೇಪೆ ಬಿಚ್ಚಿ ನೋಡೋಣವೆಂದರೆ ಅವು ಗಾಳಿ ಎಳೆದ ಮೇಲೆ ಜಿಗಣೆಯಂತೆ ಕಚ್ಚಿಕೊಂಡಿದ್ದವು. ಚಾಕು ಹಾಕಿದರೆ ಕೆಳಗಿನ ಪದರದ ನೂಲು ಕಡಿಯುತ್ತದೆ, ಲಂಗ ಹೋಯಿತೆಂದೇ ಲೆಕ್ಕ.

ದಾರಿ ಹೊಳೆದದ್ದು ಕತ್ತರಿಯಕ್ಕನಿಗೆ. ದಿನಾ ಬೆಳಗ್ಗೆ ಶೀತಲ ಕೋಣೆಯಿಂದ ತಂದ ಬಟ್ಟೆ ಒಣ ತೊಗಲಿನಂತೆ ಸೆಟೆದಿರುತ್ತದೆ, ಅಂಟುವುದೇ ಇಲ್ಲ. ಬೆಚ್ಚಗಾಗುವವರೆಗೆ ಅವರು ಕೈಕಟ್ಟಿ ಕಾಯಬೇಕು. ಎಲ್ಲರೂ ಬೈಯುವ ಆ ಒಂದು ಗಂಟೆಯೇ ಈಗ ನೆನಪಿಗೆ ಬಂತು.

"ತೇಪೆಯನ್ನ ಮಾತ್ರ ತಣ್ಣಗೆ ಮಾಡಿದ್ರೆ ಅಂಟು ಬಿಡಲ್ವಾ ಸರ್? ಉಕ್ಕಿನ ಬಿಲ್ಲೆಗಳನ್ನ ಶೀತಲ ಕೋಣೆಯಲ್ಲಿಟ್ಟು, ಮೇಲಿಟ್ಟು ನೋಡೋಣ."

"ನೀರು ಬೆವರುತ್ತಲ್ಲಮ್ಮ? ರಾಳಕ್ಕೆ ತೇವ ತಾಗಿದ್ರೆ ಇನ್ನೊಂದು ತಲೆನೋವು."

"ತಲೆನೋವಿಗೆ ಒಣ ಗಾಳಿ ಕೊಳವೆ ಇದೆಯಲ್ಲ ಸರ್," ಎಂದಳು ಹಿಂದೆ ನಿಂತಿದ್ದ ಜೊತೆಗಾರ್ತಿ. "ಮೇಲೆ ಪ್ಲಾಸ್ಟಿಕ್ ಗುಡಾರ ಹಾಕಿ ಗಾಳಿ ಬಿಟ್ರಾಯ್ತು." ಹತ್ತು ನಿಮಿಷದ ಹಿಂದೆ ಯಾರು ಕೇಳ್ತಾರೆ ಎಂದವಳು ಇವಳೇ.

ಮೊದಲು ಚೂರು ಬಟ್ಟೆಯ ಮೇಲೆ ಮೂರು ಸಲ ಮಾಡಿ ನೋಡಿದರು. ಬಿಲ್ಲೆ ಐದು ನಿಮಿಷ ಇಟ್ಟರೆ ಸಾಲದು, ಹನ್ನೆರಡು ನಿಮಿಷ ಬೇಕು. ಮರದ ಚಪ್ಪಟೆ ಕಡ್ಡಿಯನ್ನು ಮೂಲೆಗೆ ತೂರಿಸಿದರೆ ತೇಪೆ ಒಣಗಿದ ಗಾಯದ ಹಕ್ಕಳೆ ಏಳುವಂತೆ ಎದ್ದಿತು. ಕೆಳಗಿನ ನೂಲು ಅಲುಗಲಿಲ್ಲ. ಆಮೇಲೆ ಲಂಗದ ಬಳಿ ಹೋಗಿ ಹೊದಿಸಿದ್ದ ಚೀಲ ತೆಗೆದರು. ಒಂದನೇ ಜಾಗದಿಂದ ಶುರು, ಮೇಲಿನ ತೇಪೆಯಿಂದ ಕೆಳಗೆ. ಕಡ್ಡಿ ಹಿಡಿದವರು ಕತ್ತರಿಯಕ್ಕ, ಬಿಲ್ಲೆ ಬದಲಿಸಿದವಳು ಜೊತೆಗಾರ್ತಿ. ಪ್ರತಿ ತೇಪೆಯೂ ಚರ್ ಎಂದು ಸದ್ದು ಮಾಡಿಕೊಂಡು ಬಿಡುತ್ತಿತ್ತು.

ಏಳು ಜಾಗ ಮುಗಿಯಿತು. ಏನೂ ಇಲ್ಲ. ನಾಲ್ಕು ಗಂಟೆಯ ಕುಕ್ಕರನ್ನು ಮುಖ್ಯಸ್ಥರು ಬೇರೆ ವಿಭಾಗಕ್ಕೆ ಬಿಟ್ಟುಕೊಟ್ಟರು.

ಎಂಟನೇ ಜಾಗದ ಮೇಲಿನ ತೇಪೆ ಸದ್ದು ಮಾಡಲಿಲ್ಲ. ಸುಮ್ಮನೆ ಕೈಗೆ ಬಂತು. ಕೆಳಗೆ ಮೂರನೇ ತೇಪೆಯ ಮೇಲೆ ಸಿಪ್ಪೆ ದೀಪದ ಬೆಳಕಿಗೆ ಹೊಳೆಯುತ್ತಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜೊತೆಗಾರ್ತಿ, "ಇಲ್ಲೇ ಕೂತಿದ್ಯಾ ಮಹಾರಾಯ," ಎಂದು ಸಿಪ್ಪೆಯನ್ನು ಗದರಿಸಿದಳಷ್ಟೆ. ಉಳಿದ ನಾಲ್ಕು ಜಾಗವನ್ನೂ ನೋಡೋಣವೇ ಎಂದು ಮುಖ್ಯಸ್ಥರು ಕೇಳಿದರು. "ಬೇಡ ಸರ್. ನಲವತ್ತೆಂಟಾಯ್ತು," ಎಂದು ಕತ್ತರಿಯಕ್ಕ ಅದನ್ನು ಕೊಕ್ಕೆಗೆ ಚುಚ್ಚಿದರು. ಹೊಸ ತೇಪೆ ಹಾಕಿ, ಮರುದಿನ ಬೆಳಗ್ಗೆ, ಆಯಸ್ಸು ಮುಗಿಯಲು ಕೆಲವೇ ಗಂಟೆ ಇರುವಾಗ ಲಂಗ ಕುಕ್ಕರಿನೊಳಗೆ ಹೋಯಿತು.

ಅದೇ ಹೊತ್ತಿಗೆ ತಪಾಸಣಾಧಿಕಾರಿ ಬಂದರು. ಕಾರ್ಖಾನೆ ಅವರಿಗಿಟ್ಟ ಹೆಸರು ಭೂತಗನ್ನಡಿ. ಅದು ಅವರಿಗೂ ಗೊತ್ತು, ಬೇಸರವಿಲ್ಲ. ದಾಖಲೆ ಪುಸ್ತಕದ ಎಂಟನೇ ಜಾಗದ ಎದುರು ಹದಿನೇಳರ ಮುದ್ರೆ ಇದ್ದುದನ್ನು ನೋಡಿ ಕೈ ಚಾಚಿದರು.

"ಹೇಳಿದ್ದು ನೀವೇ, ಹುಡುಕಿದ್ದೂ ನೀವೇ. ಅದನ್ನೂ ಬರೆದಿದ್ದೀನಿ. ಆದ್ರೆ ಬಿಟ್ಟಿದ್ದೂ ನೀವೇ ಅಲ್ವಾ?"

"ಹೌದು ಮೇಡಂ," ಎಂದು ಕತ್ತರಿಯಕ್ಕ ಕನ್ನಡಕದ ಡಬ್ಬಿ ತೆರೆದು ಮುದ್ರೆ ಕೊಟ್ಟರು. ಮತ್ತೆ ಪರೀಕ್ಷೆ ಕೊಟ್ಟು ಗೆದ್ದರೆ ವಾಪಸ್ಸು, ಇಲ್ಲದಿದ್ದರೆ ಇಲ್ಲ. ಮುಂದಿನ ಪರೀಕ್ಷೆಗೆ ಏಳು ವಾರವಿತ್ತು.

ಮನೆಯಲ್ಲಿ ಮೊದಲು ಸಿಟ್ಟಾದವರು ಅತ್ತೆ. "ಕದ್ದೋರನ್ನ ಬಿಟ್ಟು ಕೂಗಿದೋರಿಗೆ ಕೋಳ ಹಾಕಿದ ಹಾಗಾಯ್ತು! ಬಾಯಿ ಮುಚ್ಕೊಂಡು ಬರೋಕೆ ಏನಾಗಿತ್ತು ನಿಂಗೆ?" ಗಂಡ ನಗರ ಸಾರಿಗೆಯಲ್ಲಿ ಬಸ್ ಚಾಲಕ. "ಬ್ರೇಕ್ ಹಿಡೀತಿಲ್ಲ ಅಂತ ನಾನು ಡಿಪೋದಲ್ಲಿ ಹೇಳಿದ್ರೆ ಬಸ್ಸು ನಿಲ್ಲಿಸ್ತಾರೆ, ನನ್ನನ್ನ ನಿಲ್ಲಿಸಲ್ಲ," ಎಂದರು ಅವರು.

"ಬ್ರೇಕ್ ಕೆಡಿಸಿದ್ದು ನೀವಲ್ವಲ್ಲ. ಸಿಪ್ಪೆ ಬಿಟ್ಟಿದ್ದು ನಾನೇ," ಎಂದರು ಕತ್ತರಿಯಕ್ಕ. ಗಂಡ ಒಪ್ಪಿಕೊಂಡರು. ಅತ್ತೆ ಒಪ್ಪಲಿಲ್ಲ.

ಆ ಏಳು ವಾರ ಆಕೆ ಮತ್ತೆ ಮೇಜಿನ ಬಳಿ ನಿಂತರು. ತಾನು ಕತ್ತರಿಸಿದ ಬಟ್ಟೆಯನ್ನು ಬೇರೆಯವರು ಅಚ್ಚಿಗೆ ಒಯ್ಯುವುದನ್ನು ನೋಡುತ್ತಾ ನಿಂತಾಗಲೇ ಒಂದು ಸಣ್ಣ ಉಪಾಯ ತಲೆಗೆ ಬಂತು. ತೇಪೆ ಕತ್ತರಿಸುವಾಗಲೇ ಸಿಪ್ಪೆಯ ಮೂಲೆಗೆ ಗೇಣುದ್ದದ ಕಿತ್ತಳೆ ಬಣ್ಣದ ಪಟ್ಟಿ ಅಂಟಿಸಿಬಿಡುವುದು. ಸಿಪ್ಪೆ ಒಳಗುಳಿದರೆ ಪಟ್ಟಿ ಅಂಚಿನಿಂದ ಆಚೆ ಬಾಲದಂತೆ ನೇತಾಡುತ್ತದೆ, ಎಣಿಸುವ ಮುಂಚೆಯೇ ಕಣ್ಣಿಗೆ ರಾಚುತ್ತದೆ. ತಣ್ಣನೆ ಬಿಲ್ಲೆ ಮತ್ತು ಬಾಲ, ಎರಡನ್ನೂ ಮುಖ್ಯಸ್ಥರು ಹೊಸ ವಿಧಾನಗಳ ಅರ್ಜಿಯಲ್ಲಿ ಬರೆದು, ಮೂರು ಹೆಸರುಗಳಲ್ಲಿ ಕತ್ತರಿಯಕ್ಕನದನ್ನು ಮೊದಲು ಹಾಕಿದರು. ಈವರೆಗೆ ಬಳಸುತ್ತಿದ್ದ ವಿಧಾನ ಎಂಬ ಖಾನೆಯಲ್ಲಿ ಏನು ಬರೆಯಲಿ ಎಂದು ಕೇಳಿದಾಗ ಆಕೆ, "ನೆನಪು ಅಂತ ಬರೀರಿ ಸರ್," ಎಂದರು. ಹಾಗೇ ಬರೆದರು. ಈಗ ಆ ಓಣಿಯ ಕಾರ್ಖಾನೆಯಲ್ಲಿ ಬಾಲವಿಲ್ಲದ ಸಿಪ್ಪೆ ಅಚ್ಚಿನ ಹತ್ತಿರ ಬರುವಂತಿಲ್ಲ.

ಪರೀಕ್ಷೆಯ ದಿನ ಆಕೆ ಇಪ್ಪತ್ನಾಲ್ಕು ಪದರದ ಒಂದು ತುಂಡು ಮಾಡಿಕೊಟ್ಟರು. ಅದನ್ನು ಬೇಯಿಸಿ, ಗರಗಸದಿಂದ ಅಡ್ಡಕ್ಕೆ ಸೀಳಿ, ಕತ್ತರಿಸಿದ ಮುಖವನ್ನು ಉಜ್ಜಿ ಕನ್ನಡಿಯಂತೆ ಮಾಡಿ, ತಪಾಸಣಾಧಿಕಾರಿ ಸೂಕ್ಷ್ಮದರ್ಶಕದಡಿ ಇಟ್ಟರು. ಕತ್ತರಿಯಕ್ಕ ಗೋಡೆಗೆ ಒರಗದೆ ನಿಂತಿದ್ದರು. ಬಾಗಿಲಾಚೆ ಜೊತೆಗಾರ್ತಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ, ಆದರೂ ಇದ್ದಳು.

ಇಪ್ಪತ್ತು ನಿಮಿಷದ ಮೇಲೆ ಅಧಿಕಾರಿ ತಲೆಯೆತ್ತಿ ಪಾಸು ಎಂದು ಬರೆದು, ಡ್ರಾಯರಿನಿಂದ ಮುದ್ರೆ ತೆಗೆದರು.

"ನಾನೊಮ್ಮೆ ನೋಡ್ಬಹುದಾ ಮೇಡಂ?"

ಅಧಿಕಾರಿ ಕುರ್ಚಿ ಬಿಟ್ಟುಕೊಟ್ಟರು. ಕತ್ತರಿಯಕ್ಕ ಕೂತು ಮೇಲಿಂದ ಕೆಳಗೆ ಒಂದೊಂದೇ ಪದರವನ್ನು ನೋಡುತ್ತಾ ಹೋದರು. ಬಾಗಿಲಾಚೆಯಿಂದ ಕೆಮ್ಮು ಕೇಳಿಸಿತು.

"ಹದಿನಾಲ್ಕನೇ ಪದರದಲ್ಲಿ ಚೂರು ಸುಕ್ಕಿದೆ."

ಅಧಿಕಾರಿ ಮತ್ತೆ ಬಗ್ಗಿ ನೋಡಿದರು. ಈ ಸಲ ಬಹಳ ಹೊತ್ತು. "ಇದೆ. ಆದ್ರೆ ಮಿತಿಯೊಳಗೇ ಇದೆ. ಪಾಸಿಗೇನೂ ತೊಂದರೆ ಇಲ್ಲ."

"ಇರಲಿ ಮೇಡಂ, ಬರ್ಕೊಳ್ಳಿ."

ಅವರು ಬರೆದುಕೊಂಡರು. ಆಮೇಲೆ ಮುದ್ರೆಯನ್ನು ಕತ್ತರಿಯಕ್ಕನ ಅಂಗೈಯಲ್ಲಿಟ್ಟರು.