ಶ್ರಾವಣ ಮುಗಿದರೂ ಉಳಿದ ಗಡ್ಡ

ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿ ಈಗ ದಾಡಿ ಮಾಡುವ ಸಾಮಾನು ಒಂದು ಅಂಗಡಿ ಇಡುವಷ್ಟಿದೆ. ಗಡ್ಡ ಬರುವ ಗಂಡಸರು ಮಾತ್ರ ಇಬ್ಬರೇ. ಅದರಲ್ಲೂ ನನ್ನದನ್ನು ಗಡ್ಡ ಎಂದು ಕರೆದರೆ ಊರಿನ ಉಳಿದ ಗಡ್ಡಗಳಿಗೆ ಬೇಜಾರಾಗುತ್ತದೆ. ಎಡಗೆನ್ನೆಯ ಮೇಲೊಂದಿಷ್ಟು, ಗದ್ದದ ಕೆಳಗೊಂದಿಷ್ಟು, ರಸ್ತೆ ನಡುವಿನ ಡಿವೈಡರಿನ ಹುಲ್ಲಿನ ಹಾಗೆ ಅಲ್ಲಲ್ಲಿ ಎದ್ದಿರುತ್ತದೆ. ಈ ಸಾಮಾನೆಲ್ಲ ಬಂದದ್ದು ಅಪ್ಪನ ಸಲುವಾಗಿ. ಅಪ್ಪ ತನ್ನ ದಾಡಿಯನ್ನು ತನ್ನ ಕೈಯಿಂದಲೇ ಮಾಡಿಕೊಳ್ಳುವಂತಾಗಲಿ ಎಂಬ ಒಂದೇ ಆಸೆಗೆ.

ಅಪ್ಪ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನಿನ ಮೇಲೆ ಕೆಲಸ ಮಾಡಿ ಹೋದ ವರ್ಷ ಮನೆಗೆ ಕೂತವನು. ಕಬ್ಬಿಣವನ್ನು ಕೂದಲೆಳೆಯಷ್ಟು ತೆಳ್ಳಗೆ ಕೆತ್ತಿದ ಕೈ ಅದು. ದಾಡಿಯನ್ನೂ ಹಾಗೇ ಮಾಡಿಕೊಳ್ಳುತ್ತಿದ್ದ. ಹಿತ್ತಲಿನ ಕಿಟಕಿಯ ಸರಳಿಗೆ ಕನ್ನಡಿ ತೂಗುಹಾಕಿ, ಬಟ್ಟಲಲ್ಲಿ ಬಿಸಿನೀರಿಟ್ಟು, ಸೋಪಿನ ನೊರೆ ಎಬ್ಬಿಸಿ, ತನ್ನ ಮದುವೆಗಿಂತ ಹಳೆಯದಾದ ಭಾರದ ಶೇವಿಂಗ್ ಸೆಟ್ಟು ಹಿಡಿದು ಕೂರುತ್ತಿದ್ದ. ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ತಿಕ್ಕಿ ತಿಕ್ಕಿ ಮತ್ತೆ ಹರಿತ ಮಾಡುತ್ತಿದ್ದ. ಒಂದು ಬ್ಲೇಡು ಎಷ್ಟು ದಿನ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಬ್ಲೇಡನ್ನೇ ಕೇಳ್ರಿ ಎನ್ನುತ್ತಿದ್ದ. ಇಷ್ಟು ಅಗ್ಗದ ದಾಡಿ ಹುಬ್ಬಳ್ಳಿ ಧಾರವಾಡ ಎರಡೂ ಕಡೆ ಸಿಗಲಿಕ್ಕಿಲ್ಲ.

ಶ್ರಾವಣದಲ್ಲಿ ಮಾತ್ರ ಅಪ್ಪ ಗಡ್ಡಕ್ಕೆ ಕೈ ಹಚ್ಚುತ್ತಿರಲಿಲ್ಲ. ನಮ್ಮ ಕಡೆ ಬಹಳ ಮಂದಿ ಹಾಗೆ, ಆ ತಿಂಗಳು ಪೂರ್ತಿ ಗಡ್ಡ ಬಿಡುತ್ತಾರೆ. ತಿಂಗಳು ಮುಗಿದ ಮರುದಿನ ಸಲೂನುಗಳ ಮುಂದೆ ಪಾಳಿ ಹಚ್ಚುತ್ತಾರೆ. ಅಪ್ಪ ಆ ಪಾಳಿ ನೋಡಿ ನಗುತ್ತಾ, ಚಹಾ ಕುದಿಯುವುದರೊಳಗೆ ಹಿತ್ತಲಿನಲ್ಲಿ ಕೆಲಸ ಮುಗಿಸಿರುತ್ತಿದ್ದ.

ಈ ಸಲ ಶ್ರಾವಣ ಮುಗಿಯಿತು, ಗಡ್ಡ ಹೋಗಲಿಲ್ಲ. ಗಣಪತಿ ಆಗಲಿ ಎಂದ. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ, ದಸರಾ ಆಗಲಿ ಎಂದ. ಗಡ್ಡ ಬೆಳ್ಳಗೆ ಎದೆಯ ಕಡೆ ಇಳಿಯತೊಡಗಿತು. ಅಪ್ಪ ಯಾವುದೋ ಹರಕೆ ಹೊತ್ತಿದ್ದಾನೆಂದು ಅವ್ವ ಓಣಿಯಲ್ಲಿ ಹೇಳಿದಳು. ಬೈರಿದೇವರಕೊಪ್ಪದ ನಮ್ಮ ಓಣಿಗೆ ಅಷ್ಟು ಸಾಕಾಯಿತು. ಎದುರು ಮನೆಯ ಹೆಣ್ಣುಮಗಳು ಒಂದು ಮುಂಜಾನೆ ಮಗನನ್ನು ಕರೆದುಕೊಂಡು ಬಂದು, ಪರೀಕ್ಷೆ ಐತ್ರಿ ಅಜ್ಜಾರ, ಆಶೀರ್ವಾದ ಮಾಡ್ರಿ ಎಂದು ಅಪ್ಪನ ಕಾಲಿಗೆ ಬೀಳಿಸಿದಳು. ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದ. ಬಾಯಲ್ಲಿ ಮಾತ್ರ, ಛಲೋ ಆಗ್ಲಿ ಎಂದ. ನಮ್ಮ ಕಡೆ ಮಠದ ಸ್ವಾಮಿಗಳನ್ನು ಅಜ್ಜಾರ ಎನ್ನುತ್ತಾರೆ. ಕೈ ಹಿಂದಿಟ್ಟುಕೊಂಡು ಆಶೀರ್ವಾದ ಮಾಡುವ ಸ್ವಾಮಿಯನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಸಂಜೆ ನಾನು ಸುಮ್ಮನಿರುತ್ತೇನೆಯೇ? ಮಠ ಎಲ್ಲಿ ಕಟ್ಟಿಸೋಣ, ಕಾಣಿಕೆ ಡಬ್ಬಿಯ ಕೀಲಿ ನನ್ನ ಹತ್ತಿರ ಇರಲಿ, ಮೊಬೈಲ್ ಅಂಗಡಿಯಲ್ಲಿ ಚಾರ್ಜರ್ ಮಾರುವ ಕೆಲಸ ನಾಳೆಯೇ ಬಿಡುತ್ತೇನೆ ಎಂದು ಊಟ ಮುಗಿಯುವ ತನಕ ಕಾಡಿದೆ. ಅಪ್ಪ ನಗಲಿಲ್ಲ. ಸಾರಿನ ಬಟ್ಟಲನ್ನು ಎತ್ತದೆ, ತಾಟಿಗೆ ಬಾಗಿ ಊಟ ಮಾಡುತ್ತಿದ್ದ. ಅದು ಕಣ್ಣಿಗೆ ಬಿದ್ದಿತ್ತು. ಬುದ್ಧಿಗೆ ಹೋಗಿರಲಿಲ್ಲ.

ಅಂಗಡಿಗೆ ರಜೆಯಿದ್ದ ಒಂದು ಮುಂಜಾನೆ, ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದೆ. ಅವ್ವ ಗಿರಣಿಗೆ ಜೋಳ ಬೀಸಿಸಲು ಹೋಗಿದ್ದಳು. ಅಪ್ಪ ಕನ್ನಡಿಯ ಮುಂದೆ ಕೂತಿದ್ದ. ಕತ್ತರಿಯಿಂದ ಸ್ವಲ್ಪ ತುಂಡರಿಸಿದ ಗಡ್ಡದ ಮೇಲೆ ನೊರೆ ಹಚ್ಚಿದ್ದ, ಅದು ಆಗಲೇ ಒಣಗಿತ್ತು. ಬಲಗೈಯಲ್ಲಿ ಸೆಟ್ಟು. ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಎರಡೂ ಸೇರಿ ನಡುಗುತ್ತಿದ್ದವು. ಸೆಟ್ಟು ಬಟ್ಟಲಿನ ಅಂಚಿಗೆ ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ಕನ್ನಡಿಯೊಳಗೆ ಅವನಿಗೆ ನಾನು ಕಂಡೆ.

"ಬ್ಲೇಡ್ ಮೊಂಡಾಗೇತಿ," ಎಂದ.

ಹೊಸ ಬ್ಲೇಡಿನ ಕಾಗದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಿತ್ತು. ನಾನು ತಲೆಯಾಡಿಸಿದೆ. ಬಾಯಲ್ಲಿ ಬ್ರಶ್ ಇದ್ದದ್ದು ಒಳ್ಳೆಯದಾಯಿತು, ಚೇಷ್ಟೆಯ ಮಾತು ಹೊರಬೀಳಲಿಲ್ಲ.

ಅವ್ವ ಬಂದ ಮೇಲೆ ಅಡುಗೆಮನೆಗೆ ಹೋಗಿ ಪಿಸುಗುಟ್ಟಿದೆ. ಅವಳು ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕುತ್ತಲೇ ಹೇಳಿದಳು. "ಅವರ ಅಂಗಿ ಗುಂಡಿ ಹಾಕಾಕಿ ನಾನು. ನನಗ ಗೊತ್ತಿರೂದಿಲ್ಲೇನು? ಮಂದಿ ಕೇಳಾಕತ್ತಿದ್ರು, ಹರಕಿ ಅಂದೆ. ಕೈ ನಡಗತಾವ ಅನ್ನೂದಕ್ಕಿಂತ ಅದು ಛಲೋ ಅಲ್ಲೇನು?"

ಡಾಕ್ಟರ ಹತ್ತಿರ ಹೋದೆವು. ನರಗಳ ರೋಗ, ಗುಳಿಗೆಯಿಂದ ಸ್ವಲ್ಪ ತಗ್ಗಬಹುದು, ಪೂರ್ತಿ ಹೋಗುವುದಿಲ್ಲ ಎಂದರು. ಅಪ್ಪ ಅವರನ್ನು ಕೇಳಿದ್ದು ಒಂದೇ ಮಾತು, ದಾಡಿ ಮಾಡ್ಕೊಳ್ಳಾಕ ಆಗತೈತೇನ್ರಿ ಎಂದು. ಪ್ರಯತ್ನ ಮಾಡಿ ಎಂದು ಅವರು ಗುಳಿಗೆ ಬರೆದರು.

ಆ ಪ್ರಯತ್ನದ ಗುತ್ತಿಗೆ ನಾನು ಹಿಡಿದೆ.

ಮೊದಲು ಸಲೂನು. ನಮ್ಮ ಓಣಿಯವರ ಕಣ್ಣು ಬೇಡವೆಂದು ಸ್ಕೂಟರಿನಲ್ಲಿ ಕೇಶ್ವಾಪುರಕ್ಕೆ ಕರೆದುಕೊಂಡು ಹೋದೆ. ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ, ಬಿಸಿ ಟವೆಲ್ಲು, ಸುಖಕ್ಕೆ ಕೊರತೆಯಿಲ್ಲ. ಒಂದು ದಾಡಿಯ ದುಡ್ಡಿನಲ್ಲಿ ಅಪ್ಪನ ಬ್ಲೇಡು ವರ್ಷಗಟ್ಟಲೆ ಬರುತ್ತಿತ್ತು, ಅದು ಬೇರೆ ಮಾತು. ಒಳಗೆ ಕಾಲಿಟ್ಟ ಕೂಡಲೇ ಕೂತವನೊಬ್ಬ ಎದ್ದು ಜಾಗ ಕೊಟ್ಟ. "ಬರ್ರಿ ಅಜ್ಜಾರ. ವ್ರತಾ ಮುಗೀತೇನ್ರಿ?" ಎಂದ. ಎಲ್ಲರೂ ತಿರುಗಿ ನೋಡಿದರು. ಅಪ್ಪ ಕುರ್ಚಿಯ ಕಬ್ಬಿಣದ ಹಿಡಿಕೆಯ ಮೇಲೆ ಕೈಯಿಟ್ಟ. ಉಂಗುರ ಆ ಕಬ್ಬಿಣಕ್ಕೆ ಬಡಿಯತೊಡಗಿತು. ಕೈ ತೆಗೆದು ಜೇಬಿಗೆ ಹಾಕಿಕೊಂಡು, ನನಗಲ್ಲ, ಹುಡುಗನ ಕಟಿಂಗಿಗೆ ಬಂದೇವಿ ಎಂದ. ಹಿಂದಿನ ವಾರವಷ್ಟೇ ಕಟಿಂಗ್ ಮಾಡಿಸಿದ್ದ ನಾನು ಕುರ್ಚಿಯಲ್ಲಿ ಕೂತೆ. ತೆಗೆಯಲು ಏನೂ ಇರಲಿಲ್ಲ, ಆದರೂ ಸಲೂನಿನವನು ತೆಗೆದ. ಹೊರಗೆ ಬಂದಾಗ ನನ್ನ ತಲೆ ಈಗಷ್ಟೇ ಜವಳ ತೆಗೆಸಿದ ಕೂಸಿನ ತಲೆಯಾಗಿತ್ತು. ದಾರಿಯುದ್ದಕ್ಕೂ ಅಪ್ಪ ನನ್ನ ಬೆನ್ನಿಗೆ ಕೈ ಊರಿ ಕೂತಿದ್ದ. ಆ ನಡುಕ ಅಂಗಿಯ ಮೇಲಿಂದ ಬೆನ್ನಿಗೆ ತಿಳಿಯುತ್ತಿತ್ತು.

ಅಲ್ಲಿಂದ ಮುಂದೆ ಪ್ರತಿಯೊಂದನ್ನೂ ಮೊದಲು ನನ್ನ ಮುಖದ ಮೇಲೆ ನೋಡಿ, ಆಮೇಲೆ ಅಪ್ಪನಿಗೆ ಕೊಡುವುದೆಂದು ಠರಾಯಿಸಿದೆ. ಬಳಸಿ ಎಸೆಯುವ ಪ್ಲಾಸ್ಟಿಕ್ ರೇಜರ್ ಒಂದು ಕಪ್ ಚಹಾದ ಬೆಲೆಗೆ ಬರುತ್ತದೆ. ಹಾಗೇ ಕೆರೆಯುತ್ತದೆ ಕೂಡ, ತೆಂಗಿನಕಾಯಿ ತುರಿದಂತೆ. ಮುಖದ ತುಂಬ ಪೇಪರ್ ಚೂರು ಅಂಟಿಸಿಕೊಂಡು ಅಂಗಡಿಗೆ ಹೋದೆ. ಚಾರ್ಜರ್ ಕೇಳಲು ಬಂದ ಗಿರಾಕಿ, ಮನ್ಯಾಗ ಬೆಕ್ಕ ಸಾಕೀರೇನ್ರಿ ಎಂದು ಕೇಳಿದ. ಅದನ್ನು ಅಪ್ಪನ ತನಕ ಒಯ್ಯಲಿಲ್ಲ. ಸಾಲಾಗಿ ಬ್ಲೇಡು ಕೂರಿಸಿದ ದೊಡ್ಡ ಕಂಪನಿಯ ರೇಜರ್ ತಂದೆ. ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತದೆ. ಅದರ ಬ್ಲೇಡಿನ ಒಂದು ಪೊಟ್ಟಣದ ದುಡ್ಡಿನಲ್ಲಿ ಖಾನಾವಳಿಯಲ್ಲಿ ರೊಟ್ಟಿ ಊಟ ದಿನಾ ಒಂದರಂತೆ ವಾರ ನಡೆಯುತ್ತದೆ. ಆದರೆ ಹಗುರ. ಅಪ್ಪನ ಕೈಯಲ್ಲಿ ಹಗುರದ ವಸ್ತು ಇನ್ನೂ ಹೆಚ್ಚು ನಡುಗಿತು. ಕಿವಿಯ ಕೆಳಗೆ ರಕ್ತ ಬಂತು. ಅಪ್ಪ ತಾನೇ ಪಟಿಕದ ಕಲ್ಲು ಒತ್ತಿಕೊಂಡು, ರೇಜರ್ ತೊಳೆದು, ನನ್ನ ಕೈಗೆ ವಾಪಸ್ ಕೊಟ್ಟ.

ಕೊನೆಗೆ ಕರೆಂಟಿನ ಟ್ರಿಮ್ಮರ್. ಎಲ್ಲಕ್ಕಿಂತ ತುಟ್ಟಿ. ಅದು ಮೊದಲೇ ಗುರ್ ಎಂದು ನಡುಗುತ್ತದೆ, ಅದರ ನಡುಕದಲ್ಲಿ ಅಪ್ಪನ ನಡುಕ ಮುಚ್ಚಿಹೋಗುತ್ತದೆ ಎಂದು ನನ್ನ ತರ್ಕ. ಅದಕ್ಕೆ ಮುಂದೆ ಸಿಕ್ಕಿಸುವ ಬಾಚಣಿಕೆ ಮರೆತು ಓಡಿಸಿದೆ, ಅರ್ಧ ಮೀಸೆ ಹೋಯಿತು. ಎರಡೂ ಕಡೆ ಸಮ ಮಾಡಲು ಹೋಗಿ ಪೂರ್ತಿ ಹೋಯಿತು. ಕೊರೊನಾ ಕಾಲದ ಮಾಸ್ಕ್ ಹುಡುಕಿ ತೆಗೆದು, ಮೀಸೆ ಬರುವ ತನಕ ಅದನ್ನೇ ಹಾಕಿಕೊಂಡು ಅಡ್ಡಾಡಿದೆ. ಅಪ್ಪ ಆ ಟ್ರಿಮ್ಮರನ್ನು ಬಹಳ ಹೊತ್ತು ಓಡಿಸಿದ. ಗಾಯವಾಗಲಿಲ್ಲ. ಆದರೆ ಮುಗಿದಾಗ ಒಂದು ಕಡೆ ಬೋಳು, ಇನ್ನೊಂದು ಕಡೆ ಬಿಳಿ ಗೊಂಚಲು. ಮುಖವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ.

"ಇದು ದಾಡಿ ಅಲ್ಲೋ ತಮ್ಮಾ. ದನಾ ಹೊಲಾ ಮೇದಂಗ ಆಗೇತಿ."

ಅಷ್ಟು ಹೇಳಿ ಟ್ರಿಮ್ಮರನ್ನು ಕಲ್ಲಿನ ಮೇಲಿಟ್ಟು ಗೋಡೆಯ ಕಡೆ ಮುಖ ಮಾಡಿ ಕೂತ. ಆ ಮುಖ ಹೊತ್ತು ಹೊರಗೆ ಹೋಗುವ ಹಾಗಿರಲಿಲ್ಲ. ಇನ್ನು ಹರಕೆಯ ಮಾತೂ ನಡೆಯುತ್ತಿರಲಿಲ್ಲ. ನನಗೆ ಹೊಸದಾಗಿ ಕೊಳ್ಳುವುದು ಯಾವುದೂ ಉಳಿದಿರಲಿಲ್ಲ. ಒಳಗೆ ಹೋಗಿ ಅವನ ಹಳೆಯ ಸೆಟ್ಟು, ಬಟ್ಟಲು, ಬ್ರಶ್ ತಂದು ಮುಂದೆ ಕೂತೆ.

"ನಾ ಮಾಡ್ಲೇನಪಾ?"

"ನಿನಗ ಬರೂದಿಲ್ಲ."

"ಬರೂದಿಲ್ಲ ಖರೇ. ನೀ ಹೇಳು, ನಾ ಮಾಡ್ತೀನಿ."

 ಅಪ್ಪ ಎದ್ದು, ಸರಳಿನಿಂದ ಕನ್ನಡಿ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿ ಕೂತ.

"ಕನ್ನಡಿ ನಾ ಹಿಡೀತೀನಿ," ಎಂದ.

ಕನ್ನಡಿ ನಡುಗಿತು. ಅದಕ್ಕೆ ಬಿದ್ದ ಬಿಸಿಲು ಗೋಡೆಯ ಮೇಲೆ, ತುಳಸಿಯ ಮೇಲೆ, ಒಣಹಾಕಿದ ಲುಂಗಿಯ ಮೇಲೆ ಕುಣಿಯತೊಡಗಿತು. ನಾನು ಅತ್ತ ನೋಡದೆ ನೊರೆ ಹಚ್ಚಿದೆ. ದೊಡ್ಡವನಾದ ಮೇಲೆ ಅಪ್ಪನ ಗಲ್ಲ ಮುಟ್ಟಿದ್ದು ಅದೇ ಮೊದಲು. ದವಡೆಯ ಹಲ್ಲು ಬಿದ್ದ ಕಡೆ ಒಳಕ್ಕೆ ಹೋಗಿತ್ತು, ಅಲ್ಲಿ ಚರ್ಮ ಎಳೆದು ಹಿಡಿ ಎಂದ. ಒತ್ತಬೇಡ, ಸೆಟ್ಟಿನ ಭಾರವೇ ಸಾಕು ಎಂದ. ಆ ಭಾರ ನನಗೆ ಆಗ ತಿಳಿಯಿತು. ಗದ್ದದ ಕೆಳಗೆ ಒಂದು ಸಣ್ಣ ಗೀರು ಬಿತ್ತು. ಮುಗಿದ ಮೇಲೆ, ಸಲೂನ್ ಹಾಕಿಬಿಡಲೇ ಎಂದು ಕೇಳಿದೆ.

"ಮೊದಲ ನಿನ್ನ ಮೀಸಿ ನೋಡ್ಕೋ," ಎಂದ.

ಸಂಜೆ ಬಾಗಿಲಲ್ಲಿ ಕೂತಿದ್ದಾಗ ಎದುರು ಮನೆಯ ಹೆಣ್ಣುಮಗಳು ಬೋಳು ಮುಖ ಕಂಡು, ಹರಕೆ ತೀರಿತೇ ಎಂದು ಕೇಳಿದಳು. ತೀರಿತವ್ವಾ ಎಂದು ಅಪ್ಪ ಕೈ ಮುಗಿದ. ಆ ಕೈಗಳು ಅವಳಿಗೆ ಕಂಡವು. ಅಂದಿನಿಂದ ಅವಳು ಅಜ್ಜಾರ ಎನ್ನುವುದಿಲ್ಲ, ಆರಾಮ ಅದೀರೇನ್ರಿ ಎಂದು ಕೇಳುತ್ತಾಳೆ.

ಈಗ ಒಂದು ದಿನ ಬಿಟ್ಟು ಒಂದು ದಿನ ನಮ್ಮ ಹಿತ್ತಲಿನಲ್ಲಿ ದಾಡಿ ನಡೆಯುತ್ತದೆ. ಬ್ಲೇಡನ್ನು ಲೋಟಕ್ಕೆ ತಿಕ್ಕುವುದನ್ನೂ ಕಲಿತಿದ್ದೇನೆ, ಒಂದು ಲೋಟ ಒಡೆದಿದ್ದೇನೆ. ಈಚೆಗೆ ಅಪ್ಪನಿಗೆ ಕನ್ನಡಿ ಭಾರವಾಗುತ್ತಿದೆ. ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿಯುತ್ತಾನೆ. ಹಾಗೆ ಹಿಡಿದರೆ ಅದರಲ್ಲಿ ಅವನ ಮುಖ ಕಾಣುವುದಿಲ್ಲ, ಮೇಲಿನ ಮಾಡಿನ ತಗಡು ಕಾಣುತ್ತದೆ. ಆದರೂ ಕೊನೆಗೆ ಅದನ್ನೇ ನೋಡಿ, ಬಲಗಡೆ ಇನ್ನೊಮ್ಮೆ ಎಳಿ ಎನ್ನುತ್ತಾನೆ. ನಾನು ಬಲಗಡೆ ಇನ್ನೊಮ್ಮೆ ಎಳೆಯುತ್ತೇನೆ.