ಹಣೆ ಮುಟ್ಟಿದ ಬಲಗೈ

ಶಿರಸಿಯ ಚರ್ಚಿನಲ್ಲಿ ಶಿಲುಬೆಯ ಗುರುತು ಹಾಕಿಕೊಳ್ಳುವಾಗ ನನ್ನ ಬಲಗೈ ಆಸರೆಯಿಲ್ಲದೆ ಹಣೆ ಮುಟ್ಟಿತು. ಪಾರ್ಶ್ವವಾಯು ಬಡಿದು ಜೋತುಬಿದ್ದಿದ್ದ ಕೈ ಅದು. ಹೊಲಿಗೆಯೇ ಜೀವನವಾಗಿದ್ದ ನಾನು ಬೇಸತ್ತು ವ್ಯಾಯಾಮವನ್ನೂ ಪ್ರಾರ್ಥನೆಯನ್ನೂ ಬಿಟ್ಟಿದ್ದೆ; ಚರ್ಚಿಗೆ ಬರೀ ಬಂದು ಕೂರುತ್ತಿದ್ದೆ. ಮುಂದಿನ ಬೆಂಚಿನ ಮರಿಯಾಬಾಯಿಗೂ ಅದೇ ಕಾಯಿಲೆ. ಆದರೆ ಅವರು ಪ್ರತಿ ಭಾನುವಾರ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಅವರನ್ನು ನೋಡಿ ನಾನೂ ಮನೆಯಲ್ಲಿ ಹಾಗೆಯೇ ಮಾಡತೊಡಗಿದ್ದೆ. ಬಿಟ್ಟಿದ್ದ ಪ್ರಾರ್ಥನೆಯೂ ಬಾಯಿಗೆ ಬಂದಿತ್ತು.

ಪೂಜೆ ಮುಗಿದೊಡನೆ ಅವರಿಗೆ ಕೈ ಎತ್ತಿ ತೋರಿಸಿದೆ. ಕಣ್ಣು ತುಂಬಿಕೊಂಡು ನಕ್ಕರು.

“ನಂದು ಇನ್ನೂ ಏಳೂದಿಲ್ಲ ನೋಡು. ಹಾಗಂತ ಗುರುತು ಹಾಕೂದು ಬಿಡೂಕಾಗ್ತದಾ?”

ಮತ್ತೆ ಸೂಜಿ ಹಿಡಿದ ಆ ಕೈಯಲ್ಲಿ ನಾನು ಮೊದಲು ಹೊಲಿದದ್ದು ಮರಿಯಾಬಾಯಿಯ ರವಿಕೆ. ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರಲೆಂದು ಹುಕ್ಕಿನ ಬದಲು, ಒತ್ತಿದರೆ ಕೂರುವ ಟಿಚ್ ಬಟನ್ ಇಟ್ಟಿದ್ದೆ.